ಬೇಸಿಗೆಯ ಹೂವೂ ಬಾಡಿಗೆಯ ಮನೆಯೂ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನಿಗೂ ಹೂದೋಟಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ನಮ್ಮಂಥವರಿಗೆ ಇರುವುದು ಬಾಡಿಗೆಯ ಮನೆ, ನಾಲ್ಕಡಿಯ ಗ್ಯಾಲರಿ, ಕೆಲವು ವರ್ಷಕ್ಕೊಮ್ಮೆ ವರ್ಗ. “ಗಿಡ ಹೂ ಬಿಡುವ ಹೊತ್ತಿಗೆ ನಾವೇ ಇರುವುದಿಲ್ಲ, ಯಾರಿಗಾಗಿ ನೆಡಬೇಕು?” ಎಂದು ಪುಣೆಯ ನಮ್ಮ ಬಳಗದಲ್ಲಿ ಅನೇಕರು ಹೇಳುವುದುಂಟು. ಮಾವು ತೆಂಗುಗಳಿಗೆ ಈ ಮಾತು ಒಪ್ಪುತ್ತದೆ. ಆದರೆ ವರ್ಷವರ್ಷವೂ ಬೇಸಿಗೆಯಲ್ಲಿ ಮರಳಿ ಅರಳುವ ಕೆಲವು ಗಿಡಗಳು ನಮ್ಮೊಡನೆಯೇ ವರ್ಗವಾಗಬಲ್ಲವು.

ನೆಲಸಂಪಿಗೆಯನ್ನು ನೋಡಿ. ಇಲ್ಲಿನವರು ಭುಯಿಚಾಫಾ ಎನ್ನುತ್ತಾರೆ. ಕಾಡಿನ ಹೂವೇ ಹಿತ್ತಿಲಿಗೆ ಬಂದದ್ದು. ಶುಂಠಿ, ಅರಿಸಿನಗಳ ಕುಲ. ಚಳಿಗಾಲವೆಲ್ಲ ಕುಂಡದಲ್ಲಿ ಬರಿಯ ಮಣ್ಣು. ಬಂದ ನೆಂಟರು, “ಇದನ್ನೇಕೆ ಇಟ್ಟುಕೊಂಡಿದ್ದೀರಿ?” ಎನ್ನುತ್ತಾರೆ. ಏಪ್ರಿಲ್, ಮೇ ತಿಂಗಳ ಉರಿಬಿಸಿಲಿನಲ್ಲಿ ಒಂದೆಲೆಯೂ ಇಲ್ಲದೆ ಮಣ್ಣಿನಿಂದಲೇ ಬಿಳಿ ನೇರಿಳೆ ಬಣ್ಣದ ಹೂ ಏಳುತ್ತದೆ, ಘಮಘಮಿಸುತ್ತದೆ. ಎಲೆ ಬರುವುದು ಆಮೇಲೆ. ನನ್ನ ಬಳಿಯಿರುವುದು ತಾಯಿ ಧಾರವಾಡದ ಹಿತ್ತಿಲಿನಿಂದ ಅಗೆದು ಕೊಟ್ಟ ಗೆಡ್ಡೆಯ ಸಂತತಿ. ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಸೊಲ್ಲಾಪುರಕ್ಕೆ ಬಂತು, ಅಲ್ಲಿಂದ ಪುಣೆಗೆ. ತಾಯಿ ಈಗಿಲ್ಲ, ಆ ಹಿತ್ತಿಲೂ ಮಾರಾಟವಾಯಿತು.

ಆಫ್ರಿಕದಿಂದ ಬಂದ, ಕೆಂಪು ಚೆಂಡಿನಂಥ ಮೇ ಹೂವೂ ಇದೇ ಸ್ವಭಾವದ್ದು. ಗೆಡ್ಡೆ ಮಲಗಿರುವಾಗ ಕನಿಕರದಿಂದ ನೀರೆರೆದರೆ ಅದು ಕೊಳೆತುಹೋಗುತ್ತದೆ. ಮಲಗಿದವರನ್ನು ಮಲಗಲು ಬಿಡಬೇಕು, ಭಾನುವಾರದ ಗುಮಾಸ್ತನ ಹಾಗೆ!

ಇನ್ನು ಗುಲಬಾಕ್ಷಿ, ಮೈಸೂರಿನ ಕಡೆಯವರ ಸಂಜೆಮಲ್ಲಿಗೆ. ಅಮೆರಿಕ ಮೂಲದ್ದು. ರಾತ್ರಿ ಹಾರುವ ಪತಂಗಗಳಿಗಾಗಿ ಸಂಜೆ ಬಾಯ್ದೆರೆಯುತ್ತದೆ, ಆದ್ದರಿಂದ ಕಚೇರಿಯಿಂದ ಮರಳುವವರಿಗೂ ದರ್ಶನ ದೊರೆಯುತ್ತದೆ. ಮೇಲಿನದು ಒಣಗಿದರೂ ದಪ್ಪ ಬೇರಿನಿಂದ ಮತ್ತೆ ಚಿಗುರುವುದು.

ಏನೂ ಆರೈಕೆ ಮಾಡಲಾರದವರಿಗೆ ನಿತ್ಯಪುಷ್ಪವಿದೆ. ಮಡಗಾಸ್ಕರದ ಈ ಗಿಡದಿಂದಲೇ 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಕ್ಯಾನ್ಸರಿನ ಔಷಧವಾದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಹಾಗೆಂದು ಎಲೆಯ ಕಷಾಯ ಕುಡಿಯಬಾರದು, ಗಿಡ ವಿಷ.

ಈಗ ನವೆಂಬರ್. ನೆಲಸಂಪಿಗೆಯ ಎಲೆ ಹಳದಿಯಾಗುವ ಕಾಲ. ಅಂದ ಕೆಟ್ಟಿತೆಂದು ಕತ್ತರಿಸಬೇಡಿ. ಬರುವ ಬೇಸಿಗೆಯ ಹೂವಿಗೆ ಬೇಕಾದ ಆಹಾರ ಗೆಡ್ಡೆಗೆ ಇಳಿಯುತ್ತಿರುವುದು ಈಗಲೇ. ಪೂರ್ತಿ ಒಣಗಿದ ಮೇಲೆ ಅಗೆಯುತ್ತೇನೆ, ಬೇಕಾದವರು ಜನವರಿಯಲ್ಲಿ ಹೇಳಿ ಕಳುಹಿಸಬಹುದು. ಗುಲಬಾಕ್ಷಿಯ ಬೀಜವನ್ನಂತೂ ಇಂದೇ ತಂದಿದ್ದೇನೆ. ಬಾಗಿಲ ಬಳಿಯ ಮೇಜಿನ ಮೇಲೆ ಪೊಟ್ಟಣಗಳಿವೆ. ಮೆಣಸಿನ ಕಾಳೆಂದು ಯಾರೂ ಸಾರಿಗೆ ಹಾಕಬಾರದಾಗಿ ವಿನಂತಿ.