ಡಯಾಲಿಸಿಸ್ ಮಾಡಿಸಿಕೊಳ್ಳುವ ತಾಯಂದಿರ ಸುಸ್ತು



ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಿಂದ ನಸುಕಿನಲ್ಲೇ ಬಸ್ಸು ಹತ್ತಿ ಡಯಾಲಿಸಿಸ್‌ಗೆ ಬರುವ ತಾಯಂದಿರಿದ್ದಾರೆ. ನಾಲ್ಕು ತಾಸು ಮಲಗಿ ಎದ್ದ ಒಬ್ಬ ತಾಯಿ, "ಲಗೂನ ಬಿಡ್ರಿ ಸಿಸ್ಟರ್, ಮನ್ಯಾಗ ರೊಟ್ಟಿ ಬಡೀಬೇಕು" ಅಂದರು. ನಿಲ್ಲಲೂ ತ್ರಾಣವಿರಲಿಲ್ಲ. "ಸುಸ್ತು ಅಂದ್ರ ಮೈಗಳ್ಳಿ ಅಂತಾರ್ರಿ" ಎಂದು ಕಣ್ಣೀರು ತಂದರು. ಇದು ಮೈಗಳ್ಳತನವಲ್ಲ, ಕಾಯಿಲೆಯ ಭಾಗ. ಇದಕ್ಕೆ ಕಾರಣಗಳಿವೆ, ಉಪಾಯವೂ ಇದೆ.

ಮೊದಲನೆಯದು ರಕ್ತಹೀನತೆ. ರಕ್ತಕಣ ತಯಾರಿಸಲು ಬೇಕಾದ ಎರಿತ್ರೋಪೊಯೆಟಿನ್ ಎಂಬ ಹಾರ್ಮೋನು ಹುಟ್ಟುವುದು ಹೆಚ್ಚಾಗಿ ಕಿಡ್ನಿಯಲ್ಲಿ. ಕಿಡ್ನಿ ಕೆಟ್ಟರೆ ರಕ್ತವೂ ಕಡಿಮೆಯಾಗುತ್ತದೆ. ಬೀಟ್‌ರೂಟ್, ಖರ್ಜೂರ ತಿಂದರೆ ಅದು ಸರಿಹೋಗದು. ಅವುಗಳಲ್ಲಿರುವ ಪೊಟ್ಯಾಸಿಯಂ ಹೃದಯಕ್ಕೇ ಅಪಾಯ ತರಬಹುದು. ಡಾಕ್ಟರು ಬರೆದ ಇಂಜೆಕ್ಷನ್, ಕಬ್ಬಿಣಾಂಶದ ಔಷಧ ತಪ್ಪಿಸಬೇಡಿರಿ. ಹಿಮೋಗ್ಲೋಬಿನ್ ಸಾಮಾನ್ಯವಾಗಿ 10ರಿಂದ 11.5ರ ಆಸುಪಾಸು ಇರುವಂತೆ ನೋಡಿಕೊಳ್ಳುತ್ತಾರೆ. ನಿಮ್ಮದು ಎಷ್ಟಿದೆ ಎಂದು ಕೇಳಿ ತಿಳಿದುಕೊಳ್ಳಿರಿ.

ಎರಡನೆಯದು ನೀರಿನ ಭಾರ. ಉಪ್ಪಿನಕಾಯಿ, ಹಪ್ಪಳ ತಿಂದರೆ ನೀರಡಿಕೆ ಹೆಚ್ಚುತ್ತದೆ, ಮೈಯಲ್ಲಿ ನೀರು ತುಂಬುತ್ತದೆ. ಅಷ್ಟನ್ನೂ ನಾಲ್ಕು ತಾಸಿನಲ್ಲಿ ತೆಗೆದಾಗ ಬಿ.ಪಿ. ಇಳಿದು ಮೈ ಸೋಲುತ್ತದೆ. ಪಾಳಿ ತಪ್ಪಿಸಿದರೆ ವಿಷಾಂಶವೂ ಉಳಿದು ಸುಸ್ತು ಇಮ್ಮಡಿಯಾಗುತ್ತದೆ. ಖರ್ಚಿಗೆ ಅಂಜಬೇಡಿರಿ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡ ಕುಟುಂಬದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಇದೆ.

ಮೂರನೆಯದು ಊಟ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವುದು ನಮ್ಮ ಹೆಣ್ಣುಮಕ್ಕಳ ರೂಢಿ. ಡಯಾಲಿಸಿಸ್‌ನಲ್ಲಿ ಸ್ವಲ್ಪ ಪ್ರೋಟೀನೂ ಹೊರಗೆ ಹೋಗುತ್ತದೆ. ಆದ್ದರಿಂದ ಬೇಳೆ, ಮೊಸರನ್ನು ಹೇಳಿದ ಅಳತೆಯಲ್ಲಿ ಹೊತ್ತಿಗೆ ಸರಿಯಾಗಿ ತಿನ್ನಿರಿ. ಡಾಕ್ಟರನ್ನು ಕೇಳದೆ ಉಪವಾಸ ಮಾಡಬೇಡಿರಿ.

ನಿದ್ದೆ ಬರದಿದ್ದರೆ, ಮನಸ್ಸು ಕುಗ್ಗಿದ್ದರೆ ಅದನ್ನೂ ಹೇಳಿರಿ. ಅದಕ್ಕೂ ಚಿಕಿತ್ಸೆ ಇದೆ. ಸುಸ್ತಿಲ್ಲದ ದಿನ ಡಾಕ್ಟರ ಒಪ್ಪಿಗೆ ಪಡೆದು ಅಂಗಳದಲ್ಲಿ ಸ್ವಲ್ಪ ಹೊತ್ತು ಅಡ್ಡಾಡಿರಿ.

ಬಂಧುಗಳೇ, ಡಯಾಲಿಸಿಸ್ ದಿನ ಒಲೆಯ ಕೆಲಸ ನೀವು ವಹಿಸಿಕೊಳ್ಳಿರಿ. ಫಿಸ್ಟುಲಾ ಇರುವ ಕೈಯಲ್ಲಿ ಕೊಡ ಹೊರಿಸಬೇಡಿರಿ. "ಚೇತರಿಸಿಕೊಳ್ಳಲು ಎಷ್ಟು ತಾಸು ಬೇಕಾಯಿತು?" ಎಂದು ಕೇಳಿ, ಬರೆದಿಟ್ಟು ನಮಗೆ ತಿಳಿಸಿರಿ. ತಾಸು ಹೆಚ್ಚುತ್ತ ಹೋದರೆ ಡಾಕ್ಟರು ಚಿಕಿತ್ಸೆಯನ್ನು ಮತ್ತೆ ಪರಿಶೀಲಿಸುತ್ತಾರೆ. ಉಸಿರು ಕಟ್ಟಿದರೆ, ಎದೆ ನೋವಾದರೆ, ಕಾಲಿನ ಬಲ ಹೋದರೆ, ಚಳಿಜ್ವರ ಬಂದರೆ ಮುಂದಿನ ಪಾಳಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ.

ತಾಯಂದಿರೇ, ಸುಸ್ತನ್ನು ನುಂಗಿಕೊಳ್ಳಬೇಡಿರಿ. ಹೇಳಿದರೆ ತಾನೆ ನಮಗೆ ತಿಳಿಯುವುದು?