ಮಷಿನ್ ಮುಂದೆ ನಿಂತವರ ಮಾತಿಗೆ ಉತ್ತರ ಕೊಡೋಣ

ಪೀಣ್ಯ, ಬೆಳಗಾವಿ, ಹುಬ್ಬಳ್ಳಿ, ಶಿವಮೊಗ್ಗ, ಮೈಸೂರುಗಳಿಂದ ಬಂದಿರುವ ಸಣ್ಣ ಕೈಗಾರಿಕೆಗಳ ಮಾಲೀಕರ ಈ ಸಮಾವೇಶದಲ್ಲಿ ಬೆಳಗಿನಿಂದ ವಿದ್ಯುತ್ ದರ, ಬ್ಯಾಂಕಿನ ಬಡ್ಡಿ, ತಡವಾಗಿ ಬರುವ ಬಿಲ್ಲಿನ ಹಣ, ಎಲ್ಲದರ ಬಗ್ಗೆಯೂ ಚರ್ಚೆಯಾಯಿತು. ಅವೆಲ್ಲ ಬೇರೆಯವರ ಕೈಯಲ್ಲಿರುವ ಸಂಗತಿಗಳು. ನಮ್ಮ ಕೈಯಲ್ಲೇ ಇರುವ ಒಂದರ ಬಗ್ಗೆ ನಾನು ಮಾತಾಡುತ್ತೇನೆ. ನಮ್ಮ ಶೆಡ್ಡಿನಲ್ಲಿ ದುಡಿಯುವವರನ್ನು ಬೆಳೆಸುವುದು ಹೇಗೆ? ಅದಕ್ಕೆಲ್ಲ ದುಡ್ಡೆಲ್ಲಿದೆ ಎನ್ನುವುದು ನಮ್ಮಲ್ಲಿ ರೂಢಿಯ ಮಾತು. ನಾನು ಅದನ್ನು ಒಪ್ಪುವುದಿಲ್ಲ.

ಒಂದು ಮಷಿನ್ ಶಾಪಿನಲ್ಲಿ ನಡೆದದ್ದನ್ನು ಕೇಳಿ. ಅಲ್ಲಿ ಎರಕದ ಬ್ರಾಕೆಟ್ ಒಂದಕ್ಕೆ ಡ್ರಿಲ್ಲಿಂಗ್ ಆಗುತ್ತಿತ್ತು. ನೋಡಲು ಎರಡು ಬದಿಯೂ ಒಂದೇ ಥರ. ತಿರುಗಿಸಿ ಇಟ್ಟರೂ ಫಿಕ್ಸ್ಚರಿನಲ್ಲಿ ಚೆನ್ನಾಗಿಯೇ ಕೂರುತ್ತಿತ್ತು. ರಾತ್ರಿ ಪಾಳಿಯಲ್ಲಿ ಕಣ್ಣು ಎಳೆಯುವ ಹೊತ್ತಿಗೆ ತೂತು ತಪ್ಪು ಜಾಗದಲ್ಲಿ ಬೀಳುತ್ತಿತ್ತು, ಪೀಸು ರಿಜೆಕ್ಟ್ ಆಗುತ್ತಿತ್ತು. ಎಚ್ಚರಿಕೆಯ ಬೋರ್ಡು ಹಾಕಿದರು, ತಪಾಸಣೆಗೆ ಇನ್ನೊಬ್ಬರನ್ನು ಕೂರಿಸಿದರು. ನಿಲ್ಲಲಿಲ್ಲ. ಪೀಸು ಎತ್ತಿಕೊಡುತ್ತಿದ್ದ ಹೆಲ್ಪರ್ ಹುಡುಗ, ಬ್ರಾಕೆಟಿನ ಒಂದು ಬದಿಯಲ್ಲಿ ಮಾತ್ರ ಸಣ್ಣ ತಗ್ಗಿರುವುದನ್ನು ಗಮನಿಸಿದ್ದ. ಆ ತಗ್ಗು ಬಂದು ಕೂರುವ ಜಾಗಕ್ಕೆ ಒಂದು ಪಿನ್ ಹೊಡೆದರೆ ತಿರುಗಿಸಿಟ್ಟ ಪೀಸು ಕೂರುವುದೇ ಇಲ್ಲವಲ್ಲ ಅಂದ. ಸೆಟ್ಟರ್ ಸ್ಕ್ರ್ಯಾಪ್ ಡಬ್ಬದಿಂದ 6 ಎಂಎಂ ರಾಡಿನ ತುಂಡೊಂದನ್ನು ಹೆಕ್ಕಿ, ಕತ್ತರಿಸಿ, ಅದೇ ದಿನ ಕೂರಿಸಿಬಿಟ್ಟ. ಆ ರಿಜೆಕ್ಷನ್ ಅಲ್ಲಿಗೆ ಮುಗಿಯಿತು.

ಜಪಾನಿನ ಶಿಗೆಯೊ ಶಿಂಗೊ 1960ರ ದಶಕದಲ್ಲಿ ಪೋಕಾ-ಯೋಕೆ ಎಂದು ಹೆಸರಿಟ್ಟು ಜಗತ್ತಿಗೆ ಕಲಿಸಿದ್ದು ಇದನ್ನೇ. ಹುಡುಗನಿಗೆ ಆ ಹೆಸರು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಅವನ ಮಾತಿಗೆ ಕಿವಿಗೊಟ್ಟು ಕೂಡಲೇ ರಾಡು ಕತ್ತರಿಸುವ ಒಬ್ಬ ಸೆಟ್ಟರ್ ಇದ್ದ. ನಾನು ಹೇಳಬೇಕೆಂದಿರುವುದೆಲ್ಲ ಆ ಸೆಟ್ಟರನ ಬಗ್ಗೆಯೇ.

ಟೊಯೋಟಾ ಕಂಪನಿಯ ಹೆಸರು ಹೇಳಿದರೆ, ಅವರ ಮಾತು ಬೇರೆ ಬಿಡಿ ಅನ್ನುತ್ತೇವೆ. ಆದರೆ 1950ರಲ್ಲಿ ಅದು ದಿವಾಳಿಯ ಅಂಚಿಗೆ ಬಂದಿತ್ತು. ಮುಷ್ಕರವಾಗಿ, ಸಂಸ್ಥಾಪಕ ಕಿಚಿರೊ ಟೊಯೋಡಾ ರಾಜೀನಾಮೆ ಕೊಟ್ಟಿದ್ದರು. ಅದೇ ವರ್ಷ ಕಂಪನಿಯ ಐಜಿ ಟೊಯೋಡಾ ಅಮೆರಿಕಕ್ಕೆ ಹೋಗಿ ಫೋರ್ಡ್ ಕಾರ್ಖಾನೆ ನೋಡಿಬಂದರು. ಕೆಲಸಗಾರರಿಂದ ಸಲಹೆ ಕೇಳುವ ಅಲ್ಲಿನ ಪದ್ಧತಿಯನ್ನು 1951ರಲ್ಲಿ ತಮ್ಮಲ್ಲಿ ಜಾರಿಗೆ ತಂದರು. ಕೈ ಬರಿದಾಗಿದ್ದ ಕಾಲದಲ್ಲಿ ಶುರುವಾಗಿ ಇಂದಿಗೂ ನಡೆದುಕೊಂಡು ಬಂದಿರುವ ಪದ್ಧತಿ ಅದು.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಹೈದರಾಬಾದಿನ ಬಿಎಚ್‌ಇಎಲ್ 1980ರಲ್ಲೇ, ಕೆಲಸಗಾರರೇ ಗುಂಪಾಗಿ ಕೂತು ಸುಧಾರಣೆ ಹುಡುಕುವ ಕ್ವಾಲಿಟಿ ಸರ್ಕಲ್ ಆರಂಭಿಸಿತು. ನಂತರ ಎಷ್ಟೋ ಕಾರ್ಖಾನೆಗಳಲ್ಲಿ ಹುಟ್ಟಿದವು, ಎಷ್ಟೋ ಕಡೆ ಸತ್ತವು. ಸತ್ತ ಕಡೆಗಳಲ್ಲಿ ನಾನು ಕಂಡ ಮೊದಲ ಕಾರಣ: ಕೇಳಿದರು, ಉತ್ತರ ಕೊಡಲಿಲ್ಲ. ಗೋಡೆಗೆ ಸಲಹಾ ಪೆಟ್ಟಿಗೆ ಹೊಡೆಯುವುದು ಸುಲಭ. ಚೀಟಿ ಹಾಕಿದವನಿಗೆ ವಾರದೊಳಗೆ 'ಆಗುತ್ತದೆ' ಅಥವಾ 'ಇಂಥ ಕಾರಣಕ್ಕೆ ಆಗುವುದಿಲ್ಲ' ಎಂದು ಎದುರು ನಿಂತು ಹೇಳುವುದು ಕಷ್ಟ. ಅದಕ್ಕೆ ಒಂದು ಪೈಸೆಯೂ ಬೇಡ, ಆದರೆ ಮಾಲೀಕ ಅಂಗಳಕ್ಕೆ ಇಳಿಯಬೇಕು.

ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ಆಪರೇಟರ್ ಒಬ್ಬ ತಲೆ ಓಡಿಸಿ ಒಂದು ಪೀಸಿಗೆ ಅರ್ಧ ನಿಮಿಷ ಉಳಿಸಿದ ಎಂದಿಟ್ಟುಕೊಳ್ಳಿ. ಮರುದಿನವೇ ಸೂಪರ್‌ವೈಸರ್ ಬಂದು ಟಾರ್ಗೆಟ್ ಏರಿಸಿದರೆ ಇಡೀ ಶಾಪಿಗೆ ಪಾಠವಾಗುತ್ತದೆ: ಬಾಯಿ ಮುಚ್ಚಿಕೊಂಡಿರುವುದೇ ಲೇಸು. ಒಂದು ಮಷಿನಿಗೆ ಇಬ್ಬರ ಬದಲು ಒಬ್ಬ ಸಾಕೆಂದು ತೋರಿಸಿಕೊಟ್ಟವನ ಜೊತೆಗಾರನನ್ನೇ ಮನೆಗೆ ಕಳಿಸಿದರಂತೂ ಆ ಕಾರ್ಖಾನೆಯಲ್ಲಿ ಮತ್ತೆ ಯಾರೂ ತುಟಿ ಬಿಚ್ಚುವುದಿಲ್ಲ. ಆದ್ದರಿಂದ, ಸುಧಾರಣೆಯ ಕಾರಣಕ್ಕೆ ಯಾರ ಕೆಲಸವೂ ಹೋಗುವುದಿಲ್ಲ, ಉಳಿಕೆಯಲ್ಲಿ ಅವರಿಗೂ ಪಾಲಿದೆ ಎಂದು ಮೊದಲೇ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಈ ಭರವಸೆ ಕೊಡಲಾಗದಿದ್ದರೆ ಸಲಹೆ ಕೇಳಲೇಬೇಡಿ. ಇದು ನನ್ನ ಖಚಿತ ಅಭಿಪ್ರಾಯ.

ಇನ್ನು ಕಲಿಸುವ ಮಾತು. ನಮ್ಮಲ್ಲಿ ಹೊಸಬನನ್ನು ಹಳಬನ ಪಕ್ಕ ನಿಲ್ಲಿಸಿ 'ನೋಡ್ಕೊಂಡು ಕಲಿತ್ಕೊ' ಎನ್ನುತ್ತೇವೆ. ಎರಡನೇ ಮಹಾಯುದ್ಧದ ವೇಳೆ ಅನುಭವಿ ಕೆಲಸಗಾರರೆಲ್ಲ ಸೈನ್ಯಕ್ಕೆ ಹೋದಾಗ ಅಮೆರಿಕ 1940ರಿಂದ 1945ರವರೆಗೆ ಟಿಡಬ್ಲ್ಯುಐ ಎಂಬ ತರಬೇತಿ ನಡೆಸಿತು. 16 ಲಕ್ಷಕ್ಕೂ ಹೆಚ್ಚು ಮಂದಿ ಅದರಲ್ಲಿ ತಯಾರಾದರು. ವಿಧಾನ ಬಲು ಸರಳ. ಕಲಿಯುವವನನ್ನು ಮೊದಲು ನಿರಾಳಗೊಳಿಸಬೇಕು. ಕೆಲಸವನ್ನು ಹಂತಹಂತವಾಗಿ ಮಾಡಿ ತೋರಿಸಿ, ಎಲ್ಲಿ ಎಡವಬಹುದು, ಯಾಕೆ ಹೀಗೇ ಮಾಡಬೇಕು ಎಂದು ಹೇಳಬೇಕು. ಅವನ ಕೈಯಿಂದ ಮಾಡಿಸಿ, ಅವನ ಬಾಯಿಂದಲೇ ಹೇಳಿಸಬೇಕು. ಆಮೇಲೆ ಆಗಾಗ ಹೋಗಿ ನೋಡಬೇಕು. ಅಷ್ಟೇ. ಯುದ್ಧ ಮುಗಿದ ಮೇಲೆ ಇದೇ ವಿಧಾನ ಜಪಾನಿಗೆ ಹೋಯಿತು, ಟೊಯೋಟಾ ಸಹ ಅಳವಡಿಸಿಕೊಂಡಿತು. ನಮ್ಮಲ್ಲಿ ರಾಯಚೂರು, ಕಲಬುರಗಿಯ ಹುಡುಗರ ಜೊತೆಗೆ ಬಿಹಾರ, ಒಡಿಶಾದವರೂ ಇದ್ದಾರೆ. ಭಾಷೆ ತೊಡಕಾಗುವ ಕಡೆ ಸೆಟ್ಟಿಂಗ್ ಮಾಡುವುದನ್ನು ಮೊಬೈಲಿನಲ್ಲಿ ಚಿಕ್ಕ ವಿಡಿಯೊ ಮಾಡಿ ತೋರಿಸಬಹುದು. ಯಾರಿಗೆ ಯಾವ ಮಷಿನ್ ಬರುತ್ತದೆ ಎಂಬ ಪಟ್ಟಿಯೊಂದನ್ನು ಗೋಡೆಗೆ ಹಾಕಿದರೆ, ಖಾಲಿ ಮನೆಗಳು ಅವರ ಕಣ್ಣಿಗೂ ಬೀಳುತ್ತವೆ, ನಿಮ್ಮ ಕಣ್ಣಿಗೂ ಬೀಳುತ್ತವೆ.

ಸರ್ಕಾರದ ನೆರವನ್ನೂ ಬಿಡಬೇಡಿ. 2016ರ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಶೇ. 25ರಷ್ಟು, ತಿಂಗಳಿಗೆ ಗರಿಷ್ಠ 1,500 ರೂಪಾಯಿ, ಕೇಂದ್ರವೇ ಕೊಡುತ್ತದೆ. 2023ರಲ್ಲಿ ಹೊಸ ರೂಪ ಪಡೆದ ಲೀನ್ ಯೋಜನೆಯಲ್ಲಿ ಸಲಹೆಗಾರರ ವೆಚ್ಚದ ಶೇ. 90ರಷ್ಟನ್ನು ಸರ್ಕಾರ ಭರಿಸುತ್ತದೆ.

ಕಲಿಸಿದರೆ ಬಿಟ್ಟುಹೋಗುತ್ತಾರೆ ಎಂಬ ಅಳುಕು ನಿಮ್ಮಲ್ಲಿ ಹಲವರಿಗಿದೆ. ಕೆಲವರು ಹೋಗುತ್ತಾರೆ, ನಿಜ. ಆದರೆ ವರ್ಷಗಟ್ಟಲೆ ಅದೇ ಮಷಿನಿನಲ್ಲಿ ಅದೇ ಪೀಸು ತೆಗೆದು ಬೇಸತ್ತು ಹೋದವರನ್ನೂ ಲೆಕ್ಕಕ್ಕೆ ಹಿಡಿಯಿರಿ. ಪಕ್ಕದ ಶೆಡ್ಡಿನಲ್ಲಿ ಕಲಿತವನು ನಮ್ಮಲ್ಲಿಗೂ ಬರುತ್ತಾನೆ. ಒಂದೇ ಕೈಗಾರಿಕಾ ಪ್ರದೇಶದಲ್ಲಿರುವ ನಾವು ಒಬ್ಬರ ಕೆಲಸಗಾರರನ್ನು ಇನ್ನೊಬ್ಬರು ಎಳೆದುಕೊಳ್ಳುವುದನ್ನು ಬಿಟ್ಟು, ನಾಲ್ಕಾರು ಘಟಕಗಳು ಸೇರಿ ತರಬೇತಿ ನಡೆಸುವುದು ಮೇಲು.

ಕೊನೆಯದಾಗಿ ಕಾರ್ಯಕಾರಿ ಸಮಿತಿಗೆ ಒಂದು ಮನವಿ. ಮುಂದಿನ ಸಮಾವೇಶದಲ್ಲಿ ಮಧ್ಯಾಹ್ನದ ಗೋಷ್ಠಿಯೊಂದನ್ನು ಪೂರ್ತಿಯಾಗಿ ಆಪರೇಟರುಗಳಿಗೆ, ಸೆಟ್ಟರುಗಳಿಗೆ, ಹೆಲ್ಪರುಗಳಿಗೆ ಮೀಸಲಿಡಿ. ಪ್ರತಿಯೊಬ್ಬ ಸದಸ್ಯರೂ ತಮ್ಮ ಕಾರ್ಖಾನೆಯಿಂದ ಒಬ್ಬರನ್ನಾದರೂ, ಆ ದಿನದ ಸಂಬಳ ಕೊಟ್ಟು, ಜೊತೆಗೆ ಕರೆತರಲಿ. ಅವರು ಮಾಡಿದ ಸುಧಾರಣೆಯನ್ನು ಅವರ ಬಾಯಿಂದಲೇ ಕೇಳೋಣ.