ಚೀಟಿ ಮುಟ್ಟಿತೇ?

ಹೋಟೆಲಿಗೆ ಹೋಗಿ ಹಣ ಕೊಟ್ಟೊಡನೆ, ಗಲ್ಲಾದ ಪಕ್ಕದ ಸಣ್ಣ ಪೆಟ್ಟಿಗೆಯಿಂದ ಚೀಟಿಯೊಂದು ಸರಸರನೆ ಹೊರಬರುವುದನ್ನು ನೀವೆಲ್ಲ ನೋಡಿದ್ದೀರಿ. ಪೆಟ್ಟಿಗೆ ಕಣ್ಣೆದುರಿಗೇ ಇರುವುದರಿಂದ ಚೀಟಿ ಬಂತೋ ಇಲ್ಲವೋ ಎಂಬ ಅನುಮಾನ ಅಲ್ಲಿ ಹುಟ್ಟುವುದಿಲ್ಲ. ಆದರೆ ಹಣ ತೆಗೆದುಕೊಳ್ಳುವ ಜಾಗ ಒಂದು ಕಡೆ, ಚೀಟಿ ಅಚ್ಚಾಗಬೇಕಾದ ಜಾಗ ಇನ್ನೊಂದು ಕಡೆ ಇದ್ದರೆ ಏನು ಮಾಡಬೇಕು? ಅಂಗೈಯಲ್ಲಿ ಹಿಡಿಯಬಹುದಾದ ಒಂದು ಪುಟ್ಟ ಗಣಕದಿಂದ ಈ ಕೆಲಸವನ್ನು ಹೇಗೆ ಮಾಡಿಸಿಕೊಳ್ಳಬಹುದು, ಮತ್ತು ಹಾಗೆ ಮಾಡುವಾಗ ನಾನು ಎಲ್ಲಿ ಎಡವಿದೆ ಎಂಬುದನ್ನು ಇಂದು ನಿಮ್ಮ ಮುಂದೆ ಇಡಬಯಸುತ್ತೇನೆ.

ಧಾರವಾಡದ ಕಡೆಯ ಒಂದು ಊರಿನಲ್ಲಿ ನನ್ನ ಪರಿಚಯದ ಕುಟುಂಬವೊಂದು ಖಾನಾವಳಿ ನಡೆಸುತ್ತದೆ. ಬಸ್ ನಿಲ್ದಾಣದ ಎದುರಿಗೆ ಊಟದ ಕೋಣೆ ಮತ್ತು ಗಲ್ಲಾ. ಎರಡು ಓಣಿ ಆಚೆ, ಮನೆಯಲ್ಲಿ, ಅಡುಗೆ. ಗಿರಾಕಿ ಹೇಳಿದ್ದನ್ನು ಚೀಟಿಯಲ್ಲಿ ಬರೆದು, ಮಾಲೀಕರ ತಮ್ಮ ಸೈಕಲ್ ಮೇಲೆ ಮನೆಗೆ ಮುಟ್ಟಿಸುತ್ತಿದ್ದ. ಬಿಸಿ ರೊಟ್ಟಿಯೊಡನೆ ಮರಳುತ್ತಿದ್ದ. 2023ರಲ್ಲಿ ಆತನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು. ಊಟ ತರಲು ಒಬ್ಬ ಆಳನ್ನು ಇಟ್ಟುಕೊಂಡರೂ, ಪ್ರತಿ ಚೀಟಿಗೂ ಅವನನ್ನು ಓಡಿಸುವಂತಿರಲಿಲ್ಲ. ಆಗ ಅವರು ನನ್ನನ್ನು ಕೇಳಿದರು. ಒಂದು ರಸೀದಿ ಮುದ್ರಕವನ್ನೂ ಒಂದು ಪುಟ್ಟ ಗಣಕವನ್ನೂ ಅಡುಗೆಮನೆಯಲ್ಲಿ ಜೋಡಿಸಿಕೊಟ್ಟೆ. ಗಲ್ಲಾದಲ್ಲಿ ಮೊಬೈಲಿನ ಮೇಲೆ ಒತ್ತಿದರೆ ಮನೆಯಲ್ಲಿ ಚೀಟಿ ಬಂದಿತು. ಎಲ್ಲರಿಗೂ ಸಂತೋಷವಾಯಿತು.

ಸಂತೋಷ ಉಳಿದದ್ದು ನಾಲ್ಕು ದಿನ. ಐದನೆಯ ರಾತ್ರಿ ಊಟದ ಕೋಣೆ ತುಂಬಿತ್ತು. ಗಲ್ಲಾದಿಂದ ಏಳು ಚೀಟಿಗಳನ್ನು ಕಳಿಸಿದರು. ಏಳಕ್ಕೂ "ಮುದ್ರಣವಾಯಿತು" ಎಂದು ಪರದೆ ಹೇಳಿತು. ಅಡುಗೆಮನೆಯಲ್ಲಾದರೋ ಮುದ್ರಕದ ಸುರುಳಿ ಮುಗಿದು ಅರ್ಧ ಗಂಟೆಯಾಗಿತ್ತು. ಒಲೆಯ ಮುಂದೆ ಕೈಕಟ್ಟಿ ಕುಳಿತಿದ್ದವರಿಗೆ ಗಿರಾಕಿಗಳು ಬಂದದ್ದೇ ಗೊತ್ತಿಲ್ಲ. ಬೈದು ಎದ್ದುಹೋದವರಲ್ಲಿ ದಿನವೂ ಬರುತ್ತಿದ್ದ ಇಬ್ಬರು ಮತ್ತೆ ಆ ಕಡೆ ಸುಳಿಯಲಿಲ್ಲ. ಮರುದಿನ ನಾನು ಹೋದಾಗ, ರೊಟ್ಟಿ ಬಡಿಯುತ್ತಿದ್ದ ಅಕ್ಕ ಕೈ ನಿಲ್ಲಿಸದೆ ಕೇಳಿದರು: "ಸರ್, ನಿಮ್ ಯಂತ್ರ ಕಳ್ಸೇನಿ ಅಂತೈತಿ. ನನಗ ಮುಟ್ಟೈತೋ ಇಲ್ಲೋ ಅನ್ನೋದನ್ನ ಯಾರು ಹೇಳ್ಬೇಕ್ರಿ?"

ಇಡೀ ವಿಷಯದ ತಿರುಳು ಆ ಪ್ರಶ್ನೆಯಲ್ಲಿದೆ. ದೂರಕ್ಕೆ ಕಳಿಸುವುದು ಇಂದು ಕಷ್ಟದ ಕೆಲಸವಲ್ಲ. ಮುಟ್ಟಿತೆಂಬ ಉತ್ತರವನ್ನು ಮರಳಿ ತರುವುದೇ ಕಷ್ಟ. ರಿಜಿಸ್ಟರ್ಡ್ ಅಂಚೆಯಲ್ಲಿ ಕಾಗದ ಕಳಿಸುತ್ತಿದ್ದ ದಿನಗಳನ್ನು ನೆನಪಿಸಿಕೊಳ್ಳಿ. ಕಾಗದದ ಬೆನ್ನಿಗೆ ಲಗತ್ತಿಸಿದ ಸ್ವೀಕೃತಿ ಚೀಟಿ, ಪಡೆದವರ ಸಹಿಯೊಡನೆ ನಮ್ಮ ಕೈಗೆ ಮರಳಿ ಬಂದ ಮೇಲೆಯೇ ನಮಗೆ ಸಮಾಧಾನ. ನಾನು ಜೋಡಿಸಿದ ವ್ಯವಸ್ಥೆಯಲ್ಲಿ ಆ ಸ್ವೀಕೃತಿ ಇರಲಿಲ್ಲ.

ಇನ್ನು ಉಪಕರಣಗಳ ವಿಚಾರಕ್ಕೆ ಬರೋಣ. ಒಂದೇ ಹಲಗೆಯ ಮೇಲೆ ಇಡೀ ಗಣಕವನ್ನು ಅಡಕಗೊಳಿಸಿದ ಸಾಧನಗಳಲ್ಲಿ ಹೆಚ್ಚು ಹೆಸರಾದದ್ದು ರಾಸ್‌ಬೆರಿ ಪೈ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಮಕ್ಕಳು ಗಣಕದ ಒಳಗುಟ್ಟನ್ನು ಕಲಿಯಲಿ ಎಂಬ ಉದ್ದೇಶದಿಂದ ಎಬೆನ್ ಅಪ್ಟನ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. 2012ರ ಫೆಬ್ರವರಿ 29ರಂದು ಅದು ಮಾರಾಟಕ್ಕೆ ಬಂದಾಗ ಬೆಲೆ 35 ಡಾಲರ್. 2021ರ ಅಕ್ಟೋಬರ್‌ನಲ್ಲಿ ಬಂದ 'ಝೀರೋ 2 ಡಬ್ಲ್ಯು' ಎಂಬ ಇನ್ನೂ ಚಿಕ್ಕ ಹಲಗೆಯ ಬಿಡುಗಡೆಯ ಬೆಲೆ 15 ಡಾಲರ್. ಚೀಟಿ ಮುದ್ರಿಸಲು ಈ ಚಿಕ್ಕದೇ ಸಾಕು. ಆದರೆ ಇದರ ಯುಎಸ್‌ಬಿ ಕಿಂಡಿ ಸಣ್ಣದಾದ್ದರಿಂದ, ಮುದ್ರಕದ ತಂತಿಯನ್ನು ಸೇರಿಸಲು ಒಂದು ಓಟಿಜಿ ತುಂಡುತಂತಿ ಬೇಕು.

ರಸೀದಿ ಮುದ್ರಕದಲ್ಲಿ ಶಾಯಿ ಇರುವುದಿಲ್ಲ. ಕಾಗದಕ್ಕೆ ಶಾಖ ತಗುಲಿದಲ್ಲಿ ಕಪ್ಪಾಗುವ ಲೇಪವಿದೆ. ಮುದ್ರಕದ ತಲೆಯಲ್ಲಿ ಸಾಲಾಗಿ ಕುಳಿತ ಚಿಕ್ಕ ಚಿಕ್ಕ ಬಿಂದುಗಳು ಬೇಕಾದಲ್ಲಿ ಬಿಸಿಯಾಗುತ್ತವೆ. ಆದ್ದರಿಂದಲೇ ಈ ಕಾಗದವನ್ನು ಒಲೆಯ ಹತ್ತಿರ ಇಟ್ಟರೆ ಪೂರ್ತಿ ಕಪ್ಪಾಗಿಬಿಡುತ್ತದೆ. ಬಿಸಿಲಿನಲ್ಲಿ ಇಟ್ಟರೆ ಅಕ್ಷರ ಮಾಸುತ್ತದೆ. ಲೆಕ್ಕವನ್ನು ಚೀಟಿಯ ಮೇಲೆ ನಂಬಿ ಕೂರಬೇಡಿ. ಗಣಕದಲ್ಲೂ ಒಂದು ಪ್ರತಿ ಉಳಿಯಲಿ.

ಜೋಡಣೆಯ ಕ್ರಮ ಹೀಗಿದೆ. ಮೊದಲು ನಿಮ್ಮ ಮನೆಯ ದೊಡ್ಡ ಗಣಕದಲ್ಲಿ 'ರಾಸ್‌ಬೆರಿ ಪೈ ಇಮೇಜರ್' ಎಂಬ ತಂತ್ರಾಂಶದಿಂದ ಮೆಮೊರಿ ಕಾರ್ಡಿನ ಮೇಲೆ ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯಿರಿ. ಪುಟ್ಟ ಗಣಕದ ಹೆಸರು, ಬಳಕೆದಾರರ ಹೆಸರು, ಗುಪ್ತಪದ, ವೈಫೈ ವಿವರ, ದೂರದಿಂದ ಪ್ರವೇಶಿಸುವ ಅನುಮತಿ, ಇವೆಲ್ಲವನ್ನೂ ಅಲ್ಲಿಯೇ ತುಂಬಬಹುದು. ಹೀಗೆ ಮಾಡಿದರೆ ಅಡುಗೆಮನೆಯಲ್ಲಿ ಪರದೆಯೂ ಬೇಡ, ಕೀಲಿಮಣೆಯೂ ಬೇಡ. ಬಳಿಕ ಮುದ್ರಕವನ್ನು ತಂತಿಯಿಂದ ಜೋಡಿಸಿ, ಇಂಗ್ಲಿಷಿನ ಒಂದೇ ಒಂದು ಸಾಲನ್ನು ಅಚ್ಚು ಹಾಕಿ ನೋಡಿ. ಆ ಸಾಲು ಸರಿಯಾಗಿ ಬರುವವರೆಗೆ ಮುಂದಿನ ಹೆಜ್ಜೆ ಇಡಬೇಡಿ. ರಸೀದಿ ಮುದ್ರಕಗಳಲ್ಲಿ ಹೆಚ್ಚಿನವು ಎಪ್ಸನ್ ಸಂಸ್ಥೆ ರೂಪಿಸಿದ 'ಇಎಸ್‌ಸಿ ಪಾಸ್' ಎಂಬ ಆಜ್ಞೆಗಳ ಭಾಷೆಯನ್ನೇ ಅರ್ಥಮಾಡಿಕೊಳ್ಳುತ್ತವೆ. ಪೈಥಾನ್ ಬಲ್ಲವರಿಗೆ ಈ ಆಜ್ಞೆಗಳನ್ನು ಕಳಿಸುವ ಸಿದ್ಧ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಇನ್ನು ಕನ್ನಡದ ಪ್ರಶ್ನೆ. ನಮ್ಮ ಅಕ್ಕನಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಆದರೆ ಸಾಮಾನ್ಯ ಮುದ್ರಕದ ಒಡಲಲ್ಲಿ ಕನ್ನಡ ಅಕ್ಷರಗಳು ಇರುವುದಿಲ್ಲ. ಇದ್ದರೂ ಸಾಲದು, ಏಕೆಂದರೆ ನಮ್ಮ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುವಂಥವಲ್ಲ. 'ರೊಟ್ಟಿ' ಎಂಬ ಎರಡಕ್ಷರದ ಮಾತು ಗಣಕದ ಲೆಕ್ಕದಲ್ಲಿ ಆರು ಸಂಕೇತಗಳು. ಅವನ್ನು ಕೂಡಿಸಿ, ಒತ್ತಕ್ಷರವನ್ನು ಅದರ ಜಾಗದಲ್ಲಿ ಕೂರಿಸುವ ತಂತ್ರಾಂಶ ಬೇರೆಯೇ ಬೇಕು. ಅದಿಲ್ಲದಿದ್ದರೆ 'ರೊಟ್‌ಟಿ' ಎಂದು ಅಚ್ಚಾಗುತ್ತದೆ. ಇದಕ್ಕೆ ಪರಿಹಾರವೆಂದರೆ, ಹಾರ್ಫ್‌ಬಝ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಪುಟ್ಟ ಗಣಕದಲ್ಲೇ ಇಡೀ ಚೀಟಿಯನ್ನು ಚಿತ್ರವಾಗಿ ಬರೆದು, ಆ ಚಿತ್ರವನ್ನು ಮುದ್ರಕಕ್ಕೆ ಕೊಡುವುದು.

ಚಿತ್ರವೆಂದರೆ ಭಾರವಾಗುತ್ತದೆಯೇ ಎಂದು ನೀವು ಕೇಳಬಹುದು. ಲೆಕ್ಕ ಹಾಕೋಣ. 58 ಮಿಲಿಮೀಟರ್ ಅಗಲದ ಸುರುಳಿಯಲ್ಲಿ ಅಚ್ಚಾಗುವ ಅಗಲ 48 ಮಿಲಿಮೀಟರ್. ಮಿಲಿಮೀಟರಿಗೆ 8 ಬಿಂದುಗಳಂತೆ ಒಂದು ಸಾಲಿಗೆ 384 ಬಿಂದು, ಅಂದರೆ 48 ಬೈಟ್. ಹತ್ತು ಸೆಂಟಿಮೀಟರ್ ಉದ್ದದ ಚೀಟಿಯಲ್ಲಿ ಇಂಥ 800 ಸಾಲುಗಳು. ಒಟ್ಟು 38,400 ಬೈಟ್. ಇದು ತೀರ ಕಡಿಮೆ. ಅದೂ ಗಲ್ಲಾದಿಂದ ಬರುವುದು ಬರೀ ಅಕ್ಷರಗಳು, ಚಿತ್ರ ಹುಟ್ಟುವುದು ಅಡುಗೆಮನೆಯಲ್ಲಿ. ಆದ್ದರಿಂದ ಮೊಬೈಲಿನ ದುರ್ಬಲ ಸಂಪರ್ಕವಿದ್ದರೂ ಕೆಲಸ ನಿಲ್ಲುವುದಿಲ್ಲ.

ಈಗ ದೂರದ ಸಂಪರ್ಕ. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಮುದ್ರಕವನ್ನು ಅಂತರಜಾಲಕ್ಕೆ ನೇರವಾಗಿ ತೆರೆದಿಡುವುದು ಸುಲಭದ ದಾರಿಯಂತೆ ಕಾಣುತ್ತದೆ. ಅದು ಬೀದಿಬಾಗಿಲಿಗೆ ಚಿಲಕ ಹಾಕದೆ ಮಲಗಿದಂತೆ. 2021ರ ಕೊನೆಯ ತಿಂಗಳುಗಳಲ್ಲಿ ಅಂಗಡಿಗಳ ರಸೀದಿ ಮುದ್ರಕಗಳು, ಯಾರೂ ಕೇಳದೆ, "ನಿಮಗೆ ಸಂಬಳ ಕಡಿಮೆ ಸಿಗುತ್ತಿದೆಯೇ?" ಎಂಬಂಥ ಕರಪತ್ರಗಳನ್ನು ಉಗುಳತೊಡಗಿದವು. ಅಂತರಜಾಲಕ್ಕೆ ತೆರೆದಿದ್ದ ಮುದ್ರಕಗಳನ್ನು ಹುಡುಕಿ ಯಾರೋ ಕಳಿಸುತ್ತಿದ್ದರು. ಆ ಹಾಳೆಗಳಿಂದ ದೊಡ್ಡ ನಷ್ಟವಾಗಲಿಲ್ಲ ಎನ್ನಬಹುದು. ಆದರೆ ಸುಳ್ಳು ಊಟದ ಚೀಟಿಯನ್ನೂ ಹಾಗೆಯೇ ಕಳಿಸಬಹುದಲ್ಲವೇ? ಗುಪ್ತಪದದ ವಿಷಯವೂ ಅಷ್ಟೇ. ರಾಸ್‌ಬೆರಿ ಪೈಗಳು ಮೊದಲು ಎಲ್ಲಕ್ಕೂ ಒಂದೇ ಹೆಸರು, ಒಂದೇ ಗುಪ್ತಪದದೊಡನೆ ಬರುತ್ತಿದ್ದವು. ಅಪಾಯವನ್ನು ಅರಿತು 2022ರ ಏಪ್ರಿಲ್‌ನಲ್ಲಿ ಆ ಪದ್ಧತಿಯನ್ನು ತೆಗೆದುಹಾಕಿದರು. ನೀವು ಇಡುವ ಗುಪ್ತಪದ ಅಂಗಡಿಯ ಹೆಸರಾಗದಿರಲಿ.

ಹಾಗಾದರೆ ಸರಿಯಾದ ದಾರಿ ಯಾವುದು? ಹೊರಗಿನವರು ಅಡುಗೆಮನೆಯ ಬಾಗಿಲು ತಟ್ಟುವ ಬದಲು, ಅಡುಗೆಮನೆಯ ಗಣಕವೇ ಹೊರಗೆ ಹೋಗಿ ವಿಚಾರಿಸಲಿ. ಗಲ್ಲಾದವರು ಚೀಟಿಯನ್ನು ಬಾಡಿಗೆಗೆ ಪಡೆದ ಒಂದು ಸರ್ವರಿನಲ್ಲಿ ಇಡುತ್ತಾರೆ. ಪುಟ್ಟ ಗಣಕ ಎರಡು ಮೂರು ಸೆಕೆಂಡಿಗೊಮ್ಮೆ, ಗೂಢಲಿಪಿಯ ಸಂಪರ್ಕದಲ್ಲಿ, ತನ್ನ ಗುರುತು ಹೇಳಿ "ನನಗೇನಾದರೂ ಇದೆಯೇ?" ಎಂದು ಕೇಳುತ್ತದೆ. ಇದ್ದರೆ ಪಡೆದು ಅಚ್ಚು ಹಾಕುತ್ತದೆ. ಮನೆಯ ಕಡೆ ಯಾವ ಬಾಗಿಲನ್ನೂ ತೆರೆಯಬೇಕಾಗಿಲ್ಲ. ನಮ್ಮ ಎಷ್ಟೋ ಮನೆಗಳ ಸಂಪರ್ಕಗಳಲ್ಲಿ ಹೊರಗಿನಿಂದ ಒಳಗೆ ಬರಲು ದಾರಿಯೇ ಇರುವುದಿಲ್ಲವಾದ್ದರಿಂದ, ಈ ಕ್ರಮವೇ ಅನುಕೂಲ.

ಈಗ ಅಕ್ಕನ ಪ್ರಶ್ನೆಗೆ ಮರಳೋಣ. ಎರಡನೆಯ ಸಲ ಜೋಡಿಸುವಾಗ ಪ್ರತಿ ಚೀಟಿಗೂ ಮೂರು ಹಂತಗಳನ್ನು ಇಟ್ಟೆ: ಹೊರಟಿತು, ಅಚ್ಚಾಯಿತು, ಕೈಸೇರಿತು. ಚೀಟಿ ಸರ್ವರಿಗೆ ಹೋದರೆ 'ಹೊರಟಿತು'. ಪುಟ್ಟ ಗಣಕ ಅಚ್ಚು ಹಾಕುವ ಮೊದಲೂ ಅನಂತರವೂ ಮುದ್ರಕವನ್ನು "ಹಾಳೆ ಇದೆಯೇ, ಮುಚ್ಚಳ ಮುಚ್ಚಿದೆಯೇ?" ಎಂದು ಕೇಳುತ್ತದೆ, ಹೌದೆಂದರೆ 'ಅಚ್ಚಾಯಿತು'. ಈ ಪ್ರಶ್ನೆಗೆ ಉತ್ತರ ಕೊಡುವ ಆಜ್ಞೆ ನಾನು ಹೇಳಿದ ಭಾಷೆಯಲ್ಲೇ ಇದೆ. ಆದರೆ ಅಗ್ಗದ ಮುದ್ರಕಗಳಲ್ಲಿ ಕೆಲವು ಉತ್ತರಿಸುವುದೇ ಇಲ್ಲ. ಹಾಳೆ ಮುಗಿದಿದ್ದರೂ ಬಂದದ್ದನ್ನು ಸುಮ್ಮನೆ ನುಂಗುತ್ತವೆ. ಆದ್ದರಿಂದ ಕೊಳ್ಳುವ ಮುನ್ನ, ಅಂಗಡಿಯಲ್ಲೇ ಹಾಳೆ ತೆಗೆದು ಪರೀಕ್ಷಿಸಿ ನೋಡಿ.

ಮೂರನೆಯ ಹಂತಕ್ಕೆ ಬೇಕಾದದ್ದು ಒಂದು ಗುಂಡಿ. ರಾಸ್‌ಬೆರಿ ಪೈ ಹಲಗೆಯ ಅಂಚಿನಲ್ಲಿ 40 ಕಡ್ಡಿಗಳ ಜಾಗವಿದೆ. ಅದರಲ್ಲಿ ಎರಡಕ್ಕೆ ಒಂದು ದೊಡ್ಡ ಒತ್ತುಗುಂಡಿಯನ್ನು ಸೇರಿಸಿದೆ. ಇವು 3.3 ವೋಲ್ಟಿನ ಸೂಕ್ಷ್ಮ ಕಡ್ಡಿಗಳು. ಮುದ್ರಕದ ವಿದ್ಯುತ್ತನ್ನು ಇವಕ್ಕೆ ಎಂದೂ ತಾಗಿಸಬೇಡಿ. ಚೀಟಿ ಹರಿದುಕೊಂಡ ಅಕ್ಕ ಮೊಣಕೈಯಿಂದ ಗುಂಡಿ ಒತ್ತುತ್ತಾರೆ, ಗಲ್ಲಾದ ಪರದೆಯಲ್ಲಿ ಆ ಚೀಟಿ ಹಸಿರಾಗುತ್ತದೆ. ಎರಡು ನಿಮಿಷದಲ್ಲಿ ಹಸಿರಾಗದಿದ್ದರೆ ಗಲ್ಲಾದಲ್ಲಿ ಗಂಟೆ ಬಾರಿಸುತ್ತದೆ; ಅವರು ಫೋನ್ ಮಾಡುತ್ತಾರೆ. ಇಷ್ಟೆಲ್ಲ ಯಂತ್ರಗಳ ನಡುವೆ ನಂಬಬಹುದಾದ ಸ್ವೀಕೃತಿಯನ್ನು ಕೊಡುವುದು ಕೊನೆಗೂ ಒಬ್ಬ ಮನುಷ್ಯರ ಮೊಣಕೈ.

ಕರೆಂಟಿನ ಮಾತು ಉಳಿಯಿತು. ಚೀಟಿ ಅಚ್ಚಾಗಿ, ಅದನ್ನು ಗಣಕ ಬರೆದಿಟ್ಟುಕೊಳ್ಳುವ ಮೊದಲೇ ಕರೆಂಟು ಹೋದರೆ, ಮರಳಿ ಬಂದಾಗ ಅದೇ ಚೀಟಿ ಎರಡನೆಯ ಸಲ ಬರುತ್ತದೆ. ಚೀಟಿ ಬಾರದಿರುವುದಕ್ಕಿಂತ ಎರಡು ಬರುವುದು ಮೇಲು. ಆದರೆ ಗುರುತಿಲ್ಲದಿದ್ದರೆ ಎರಡು ಊಟ ಸಿದ್ಧವಾಗುತ್ತವೆ. ಆದ್ದರಿಂದ ಪ್ರತಿ ಚೀಟಿಯ ತಲೆಯ ಮೇಲೆ ದೊಡ್ಡ ಅಂಕಿಯಲ್ಲಿ ಕ್ರಮಸಂಖ್ಯೆ ಇರಲಿ. ಗಣಕ ತಾನೇ ಎದ್ದು ಕೆಲಸ ಆರಂಭಿಸುವಂತೆ ಹೊಂದಿಸಿಡಿ. ಗಣಕಕ್ಕೂ ಮುದ್ರಕಕ್ಕೂ ಬೇರೆ ಬೇರೆ ಅಡಾಪ್ಟರ್ ಇರಲಿ. ಥಟ್ಟನೆ ಕರೆಂಟು ಹೋದರೆ ಮೆಮೊರಿ ಕಾರ್ಡಿನ ಬರಹ ಕೆಡುವುದುಂಟು. ಇನ್ವರ್ಟರ್ ಇದ್ದರೆ ಅದಕ್ಕೇ ಜೋಡಿಸಿ, ಜೊತೆಗೆ ಎಲ್ಲವನ್ನೂ ಹೊಂದಿಸಿದ ಇನ್ನೊಂದು ಕಾರ್ಡನ್ನು ಡಬ್ಬಿಯಲ್ಲಿಡಿ. ಮತ್ತೊಂದು ವಿಷಯ: ಈ ಪುಟ್ಟ ಹಲಗೆಯಲ್ಲಿ ಸ್ವಂತ ಗಡಿಯಾರವಿಲ್ಲ. ಎದ್ದೊಡನೆ ಅಂತರಜಾಲ ಸಿಗದಿದ್ದರೆ ಅದಕ್ಕೆ ಹೊತ್ತು ಗೊತ್ತಾಗುವುದಿಲ್ಲ. ಹಾಗಾಗಿ ಚೀಟಿಯ ಮೇಲಿನ ದಿನಾಂಕ, ಸಮಯಗಳನ್ನು ಗಲ್ಲಾದ ಕಡೆಯಿಂದಲೇ ಕಳಿಸುವುದು ಒಳ್ಳೆಯದು.

ಓದುಗರೇ, ಖಾನಾವಳಿಯ ಬದಲು ನಿಮ್ಮದು ಔಷಧದ ಅಂಗಡಿಯಿರಬಹುದು, ಹಿಟ್ಟಿನ ಗಿರಣಿಯಿರಬಹುದು, ಹಳ್ಳಿಯ ಹಾಲಿನ ಸಂಘವಿರಬಹುದು. ಉಪಕರಣ ಬದಲಾದೀತು, ಕೇಳಬೇಕಾದ ಪ್ರಶ್ನೆ ಬದಲಾಗುವುದಿಲ್ಲ. ಜೋಡಣೆ ಮುಗಿದ ದಿನ ಒಂದು ಪರೀಕ್ಷೆ ಮಾಡಿ. ಬೇಕೆಂದೇ ಹಾಳೆ ತೆಗೆಯಿರಿ, ತಂತಿ ಕೀಳಿರಿ, ವೈಫೈ ಆರಿಸಿ. ಪ್ರತಿ ಸಲವೂ ಕಳಿಸಿದವರಿಗೆ ಅದು ತಿಳಿಯಿತೇ ಎಂದು ನೋಡಿ. ತಿಳಿಯದಿದ್ದರೆ ಕೆಲಸ ಇನ್ನೂ ಮುಗಿದಿಲ್ಲ. ನಾನು ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಆ ರಾತ್ರಿ ಏಳು ಮಂದಿ ಹಸಿದು ಎದ್ದುಹೋಗುತ್ತಿರಲಿಲ್ಲ.

ಈಗಲೂ ಆ ಕಡೆ ಹೋದಾಗ ಅಲ್ಲಿಯೇ ಊಟ ಮಾಡುತ್ತೇನೆ. ಗುಂಡಿಯ ಮೇಲೆ ಜೋಳದ ಹಿಟ್ಟಿನ ಗುರುತು ಸದಾ ಇರುತ್ತದೆ. ಅದನ್ನು ಒರೆಸಬೇಡಿ ಎಂದು ಅಕ್ಕನಿಗೆ ಹೇಳಿದ್ದೇನೆ.